ತಕ್ಕಡಿಯ ಮುಂದೆ ನಿಂತ ನಾಯಕಿ

ಕೊಡಗಿನ ಸಿದ್ದಾಪುರದ ಸಮೀಪದ ಕಾಫಿ ತೋಟವೊಂದರಲ್ಲಿ ನಾವು ಚಿತ್ರೀಕರಿಸಿದ ನಲವತ್ತು ನಿಮಿಷಗಳ ಕಥಾಚಿತ್ರದ ನಾಯಕಿ, ಅಸ್ಸಾಮಿನಿಂದ ಗಂಡನೊಡನೆ ಬಂದು ತೋಟದ ಕಾರ್ಮಿಕರ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿ, ನೆಲೆಸುವ ಹೆಂಗಸು. ಮೊದಲ ಕರಡಿನಲ್ಲಿ ಅವಳು ದೃಶ್ಯಕ್ಕೊಮ್ಮೆ ಅಳುತ್ತಿದ್ದಳು. ಗುವಾಹಟಿಯಿಂದ ಬೆಂಗಳೂರಿಗೆ ಎರಡು ದಿನಕ್ಕೂ ಮೀರಿದ ರೈಲು ಪ್ರಯಾಣ, ಆಮೇಲೆ ರೈಲು ಮಾರ್ಗವೇ ಇಲ್ಲದ ಕೊಡಗಿಗೆ ಬಸ್ಸು, ಕಿವಿಗೆ ಹೊಸತಾದ ಭಾಷೆ; ಇಷ್ಟೆಲ್ಲ ಇದ್ದ ಮೇಲೆ ಅಳದೇ ಇನ್ನೇನು ಮಾಡಿಯಾಳು ಎಂದುಕೊಂಡಿದ್ದೆ.

ಆ ಕರಡನ್ನು ತೋಟದ ಕೆಲಸವೇ ತಿದ್ದಿತು. ಬಿಳಿ ಹೂವಿನ ನಡುವೆ ನಾಯಕಿ ಕೆಂಪು ಹಣ್ಣು ಕೊಯ್ಯುವ ದೃಶ್ಯವನ್ನು ನಾನು ಬರೆದಿದ್ದೆ (ಕೊಡಗಿನಲ್ಲೇ ಬೆಳೆದವನಿಗೆ ಇದು ನಾಚಿಕೆಯ ಮಾತು). ರೊಬಸ್ಟಾ ತಳಿಯ ಕಾಫಿಯ ಕೊಯ್ಲು ಡಿಸೆಂಬರಿನಿಂದ ಫೆಬ್ರುವರಿವರೆಗೆ ನಡೆದರೆ, ಮೊಗ್ಗು ಅರಳಿಸುವ ಹೂ ಮಳೆ ಬಿದ್ದು ಗಿಡಗಳು ಬೆಳ್ಳಗಾಗುವುದು ಸಾಮಾನ್ಯವಾಗಿ ಅದರ ನಂತರ, ಅದೂ ಕೆಲವೇ ದಿನಗಳ ಮಟ್ಟಿಗೆ.

ಕೊಯ್ಲಿನ ಸಂಜೆಗಳಲ್ಲಿ ಕಣದ ಬಳಿ ಕುಳಿತು ನೋಡಿದಾಗ, ನಾನು ಹುಡುಕುತ್ತಿದ್ದ ನಾಟಕ ತಕ್ಕಡಿಯ ಸುತ್ತಲೇ ನಡೆಯುತ್ತಿತ್ತು. ಕೂಲಿ ಕಿಲೋ ಲೆಕ್ಕದ್ದು. ಚೀಲ ತೂಕಕ್ಕೇರಿದಾಗ ಹೆಂಗಸರ ಕಣ್ಣು ಮುಳ್ಳಿನ ಮೇಲೆ, ಆಮೇಲೆ ತೋಟದ ಗುಮಾಸ್ತ, ಅಂದರೆ ರೈಟರ್, ಪುಸ್ತಕದಲ್ಲಿ ಬರೆಯುವ ಅಂಕಿಯ ಮೇಲೆ. ಅಕ್ಷರ ಬಾರದಿದ್ದರೂ ಅಂಕಿ ಓದಬಲ್ಲ ಆ ನೋಟವನ್ನೇ ಚಿತ್ರದ ಕೇಂದ್ರವಾಗಿಸಿ, ಅಳುವಿನ ದೃಶ್ಯಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡೆ. ತಲೆಮಾರುಗಳಿಂದ ಇಂಥ ತೋಟಗಳಲ್ಲಿ ದುಡಿದ ಯರವ ಸಮುದಾಯದ ಹಿರಿಯ ಹೆಂಗಸೊಬ್ಬರನ್ನು ತೂಕದ ಸಾಲಿನಲ್ಲಿ ನಾಯಕಿಯ ಮುಂದೆ ನಿಲ್ಲಿಸಿದೆ. ತೋಟದಲ್ಲಿ ಯಾರ ಜಾಗಕ್ಕೆ ಯಾರು ಬಂದರು ಎಂಬುದನ್ನು ಸಂಭಾಷಣೆಯಲ್ಲಿ ವಿವರಿಸುವ ಅಗತ್ಯವೇ ಆಗ ಉಳಿಯಲಿಲ್ಲ.

ನಟಿಗೆ ಅಭಿನಯಕ್ಕಿಂತ ಕೈಚಳಕ ಕಲಿಸುವುದೇ ಕಷ್ಟವಾಯಿತು. ಅರೇಬಿಕಾ ತಳಿಯಲ್ಲಿ ಹಣ್ಣಾದುದನ್ನು ಆರಿಸಿ ಬಿಡಿಸಬೇಕು. ರೊಬಸ್ಟಾದ ಗೊಂಚಲನ್ನು ರೆಂಬೆಯುದ್ದಕ್ಕೂ ಸೆಳೆಯಬೇಕು. ಒಂದು ವಾರ ಅವರು ತೋಟದ ಹೆಂಗಸರ ಜೊತೆಯಲ್ಲೇ ಕೊಯ್ದರು. ಲೈನ್ ಮನೆಯೊಳಗಿನ ಮಳೆಗಾಲದ ದೃಶ್ಯಗಳಿಗೆ ತಗಡಿನ ಮಾಡಿನ ಸದ್ದಿನಿಂದಾಗಿ ಮಾತುಗಳನ್ನೆಲ್ಲ ಆಮೇಲೆ ಡಬ್ ಮಾಡಬೇಕಾಯಿತು.

ಸಂಕಲನ ಮುಗಿದ ಮೇಲೆ ಅದೇ ಕಣದಲ್ಲಿ ಬಿಳಿ ಪಂಚೆ ಕಟ್ಟಿ ಚಿತ್ರವನ್ನು ಕಾರ್ಮಿಕರಿಗೆ ತೋರಿಸಿದೆವು. ತೂಕದ ದೃಶ್ಯ ಬಂದಾಗ ಹಿಂದಿನ ಸಾಲಿನಿಂದ ಒಬ್ಬಾಕೆ, “ಚೀಲದ ತೂಕ ಕಳೆದೇ ಇಲ್ಲವಲ್ಲ!” ಎಂದು ಹಿಂದಿಯಲ್ಲಿ ಕೂಗಿದರು. ಆ ಹೊತ್ತಿಗೆ ಗಿಡಗಳಲ್ಲಿ ಹಣ್ಣು ಮುಗಿದಿತ್ತು. ಆ ಒಂದು ದೃಶ್ಯಕ್ಕಾಗಿ ಮುಂದಿನ ಡಿಸೆಂಬರಿನವರೆಗೆ ಕಾದೆವು.