ಭೌತವಿಜ್ಞಾನದ ಲೆಕ್ಕ: ಸೂತ್ರಕ್ಕೆ ಮೊದಲು ಚಿತ್ರ

ಚಲನೆ, ಬಲ ಮತ್ತು ವಿದ್ಯುನ್ಮಂಡಲಗಳ ಆರಂಭಿಕ ಲೆಕ್ಕಗಳಲ್ಲಿ ಎಡವುವವರ ಪೈಕಿ ಅನೇಕರಿಗೆ ಸೂತ್ರಗಳೆಲ್ಲ ಬಾಯಿಪಾಠವಾಗಿಯೇ ಇರುತ್ತವೆ. ಯಾವುದನ್ನು ಎಲ್ಲಿ ಬಳಸಬೇಕೆಂಬುದು ಮಾತ್ರ ಹೊಳೆಯುವುದಿಲ್ಲ. ಪ್ರಶ್ನೆ ಓದಿದ ತಕ್ಷಣ ಸೂತ್ರಕ್ಕೆ ಕೈಹಾಕದೆ, ಮೊದಲು ಒಂದು ರೇಖಾಚಿತ್ರ ಬರೆದು, ಕೊಟ್ಟಿರುವ ಬೆಲೆಗಳನ್ನು ಅದರ ಮೇಲೆ ಗುರುತಿಸಿಕೊಳ್ಳಬೇಕು.

ಒಂದು ಲೆಕ್ಕವನ್ನೇ ನೋಡೋಣ. ಸಮತಟ್ಟಾದ ನೇರ ರಸ್ತೆಯಲ್ಲಿ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿರುವ, 1,000 ಕಿಲೋಗ್ರಾಂ ದ್ರವ್ಯರಾಶಿಯ ಕಾರು ಬ್ರೇಕ್ ಹಾಕಿದ ಮೇಲೆ ಒಂದೇ ಸಮನೆ ವೇಗ ಕಳೆದುಕೊಳ್ಳುತ್ತ 50 ಮೀಟರ್ ಸಾಗಿ ನಿಲ್ಲುತ್ತದೆ. ಅದನ್ನು ತಡೆದ ಬಲ ಎಷ್ಟು?

ಮೊದಲು ಏಕಮಾನವನ್ನು ಸರಿಪಡಿಸಿಕೊಳ್ಳಿ. 72ನ್ನು 5ರಿಂದ ಗುಣಿಸಿ 18ರಿಂದ ಭಾಗಿಸಿದರೆ ಸೆಕೆಂಡಿಗೆ 20 ಮೀಟರ್ ಬರುತ್ತದೆ. ಕಾರು ಸಾಗುವ ದಿಕ್ಕನ್ನು ಧನವೆಂದು ಗುರುತಿಸಿ, ಕೊನೆಯವರೆಗೂ ಅದನ್ನು ಬದಲಿಸಬೇಡಿ. ‘ನಿಲ್ಲುತ್ತದೆ’ ಎಂದರೆ ಅಂತಿಮ ವೇಗ ಸೊನ್ನೆ. ಇಂಥ ದತ್ತಾಂಶಗಳು ಅಂಕಿಗಳಲ್ಲಿ ಕಾಣಿಸದೆ ವಾಕ್ಯದೊಳಗೇ ಅಡಗಿರುತ್ತವೆ. ಕಾಲವನ್ನು ಇಲ್ಲಿ ಕೊಟ್ಟೂ ಇಲ್ಲ, ಕೇಳಿಯೂ ಇಲ್ಲವಾದ್ದರಿಂದ ಕಾಲವಿಲ್ಲದ ಸಮೀಕರಣವೇ ಬೇಕು: ಅಂತಿಮ ವೇಗದ ವರ್ಗವು ಆರಂಭಿಕ ವೇಗದ ವರ್ಗಕ್ಕೆ ವೇಗೋತ್ಕರ್ಷ (ವೇಗ ಬದಲಾಗುವ ದರ) ಮತ್ತು ದೂರಗಳ ಗುಣಲಬ್ಧದ ಎರಡರಷ್ಟನ್ನು ಕೂಡಿಸಿದ್ದಕ್ಕೆ ಸಮ. ಬೆಲೆಗಳನ್ನು ಹಾಕಿದರೆ ವೇಗೋತ್ಕರ್ಷ ಋಣ 4 ಮೀಟರ್ ಪ್ರತಿ ಸೆಕೆಂಡ್ ವರ್ಗ. (ಇದೇ ಸಮೀಕರಣದ ಪ್ರಕಾರ, ತಡೆಯುವ ಬಲ ಬದಲಾಗದೆ ವೇಗ ಇಮ್ಮಡಿಯಾದರೆ ನಿಲ್ಲಲು ನಾಲ್ಕು ಪಟ್ಟು ದೂರ ಬೇಕಾಗುತ್ತದೆ.)

ಇನ್ನು ಬಲ. ಕಾರನ್ನು ಮಾತ್ರ ಒಂದು ಚೌಕವಾಗಿ ಬರೆದು, ಅದರ ಮೇಲೆ ಹೊರಗಿನಿಂದ ಪ್ರಯೋಗವಾಗುವ ಬಲಗಳಿಗಷ್ಟೇ ಬಾಣ ಹಾಕಿ: ಕೆಳಕ್ಕೆ ತೂಕ, ಮೇಲಕ್ಕೆ ರಸ್ತೆಯ ಒತ್ತು, ಹಿಂದಕ್ಕೆ ಘರ್ಷಣೆ. ಕಾರು ಮುಂದಕ್ಕೆ ಹೋಗುತ್ತಿದೆಯೆಂಬ ಕಾರಣಕ್ಕೆ ಮುಂದಕ್ಕೂ ಒಂದು ಬಾಣ ಎಳೆಯುವುದು ಬಹು ಸಾಮಾನ್ಯವಾದ ತಪ್ಪು. ಚಲನೆ ಇದ್ದಲ್ಲೆಲ್ಲ ಅದೇ ದಿಕ್ಕಿನಲ್ಲಿ ಬಲ ಇರಲೇಬೇಕೆಂದಿಲ್ಲ. ತೂಕವೂ ರಸ್ತೆಯ ಒತ್ತೂ ಪರಸ್ಪರ ರದ್ದಾಗುತ್ತವೆ. ನ್ಯೂಟನ್ನನ ಎರಡನೆಯ ನಿಯಮದಂತೆ ಬಲವು ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧ; 1,000ವನ್ನು 4ರಿಂದ ಗುಣಿಸಿದರೆ ತಡೆದ ಬಲ 4,000 ನ್ಯೂಟನ್, ಹಿಂದಿನ ದಿಕ್ಕಿನಲ್ಲಿ.

ವಿದ್ಯುನ್ಮಂಡಲದಲ್ಲಿ ಚಿತ್ರವನ್ನು ಹಂತಹಂತವಾಗಿ ಕಿರಿದಾಗಿಸುತ್ತ ಹೋಗಬೇಕು. 12 ವೋಲ್ಟ್ ಬ್ಯಾಟರಿಗೆ 4 ಓಮ್‌ನ ರೋಧಕವೊಂದು ಸರಣಿಯಲ್ಲಿದ್ದು, ಅದರ ಮುಂದೆ 6 ಮತ್ತು 3 ಓಮ್‌ಗಳ ರೋಧಕಗಳು ಸಮಾಂತರವಾಗಿವೆ ಎನ್ನಿ. ಬ್ಯಾಟರಿಯ ಒಳರೋಧವನ್ನು ಬಿಟ್ಟುಬಿಡೋಣ. ಸಮಾಂತರ ಜೋಡಿಯ ರೋಧ ಎರಡರ ಗುಣಲಬ್ಧ 18ನ್ನು ಅವುಗಳ ಮೊತ್ತ 9ರಿಂದ ಭಾಗಿಸಿದಷ್ಟು, ಅಂದರೆ 2 ಓಮ್. ಇದು ಜೋಡಿಯ ಚಿಕ್ಕ ರೋಧಕ್ಕಿಂತಲೂ ಕಡಿಮೆ ಇರಲೇಬೇಕು. ಹೆಚ್ಚು ಬಂದರೆ ಅಲ್ಲಿಗೇ ನಿಲ್ಲಿಸಿ ಮತ್ತೆ ನೋಡಿ. ಒಟ್ಟು ರೋಧ 6 ಓಮ್ ಆದ್ದರಿಂದ, ಓಮ್‌ನ ನಿಯಮದಂತೆ 12 ವೋಲ್ಟನ್ನು 6 ಓಮ್‌ನಿಂದ ಭಾಗಿಸಿದರೆ ಪ್ರವಾಹ 2 ಆಂಪಿಯರ್. ಈಗ ಕಿರಿದಾಗಿಸಿದ ಚಿತ್ರವನ್ನು ಮತ್ತೆ ಬಿಡಿಸುತ್ತ ಬಂದರೆ, 4 ಓಮ್‌ನ ತುದಿಗಳ ನಡುವೆ 8 ವೋಲ್ಟ್, ಸಮಾಂತರ ಜೋಡಿಗೆ 4 ವೋಲ್ಟ್. ಆ ಜೋಡಿಯಲ್ಲಿ 6 ಓಮ್‌ನ ಕವಲಿಗೆ ಸುಮಾರು 0.67, 3 ಓಮ್‌ನದಕ್ಕೆ ಸುಮಾರು 1.33 ಆಂಪಿಯರ್. ಕವಲುಗಳ ಪ್ರವಾಹ ಕೂಡಿದರೆ 2 ಆಂಪಿಯರ್, ವೋಲ್ಟುಗಳನ್ನು ಕೂಡಿದರೆ 12. ಎರಡೂ ತಾಳೆಯಾದುದರಿಂದ ಉತ್ತರ ಸರಿ.