ಗಾಜಿನ ಜಾರ್‌ನಲ್ಲಿ ಜಲಚಕ್ರ ನೋಡೋದು ಹೇಗೆ

ಜಲಚಕ್ರ ಅಂದ್ರೆ ಬಾಣ ಹಾಕಿರೋ ಚಿತ್ರ ಅಂತಷ್ಟೇ ಮಕ್ಕಳಿಗೆ ನೆನಪಿರತ್ತೆ, ಆದ್ರೆ ನೀರು ರೂಪ ಬದಲಾಯಿಸೋದನ್ನ ಮನೇಲೇ ಕಣ್ಣಾರೆ ತೋರಿಸಬಹುದು. ಅಗಲ ಬಾಯಿನ ಗಾಜಿನ ಜಾರ್, ಅದನ್ನ ಮುಚ್ಚೋಕೆ ಸ್ಟೀಲ್ ತಟ್ಟೆ, ಐಸ್, ಬಿಸಿನೀರು, ಬೆಂಕಿಪೊಟ್ಟಣ ಇದ್ರೆ ಸಾಕು. ಬಿಸಿನೀರು, ಬೆಂಕಿಕಡ್ಡಿ ಎರಡನ್ನೂ ದೊಡ್ಡೋರೇ ಹಿಡ್ಕೊಳ್ಳಿ.

ಮೊದಲು ಜಾರ್ ಒಳಗೆ ಸ್ವಲ್ಪ ಬೆಚ್ಚಗಿನ ನೀರು ಹಾಕಿ ತೊಳೀರಿ, ಇಲ್ಲಾಂದ್ರೆ ಗಾಜು ಸೀಳತ್ತೆ. ಆಮೇಲೆ ಕಾಲು ಭಾಗ ಬಿಸಿನೀರು ಸುರಿದು, ತಟ್ಟೆ ಮುಚ್ಚಿ, ತಟ್ಟೆ ಮೇಲೆ ಐಸ್ ಇಡಿ. ಐದು ನಿಮಿಷ ಬಿಟ್ಟು ತಟ್ಟೆ ಎತ್ತಿ ನೋಡಿದ್ರೆ ಅಡಿಯಲ್ಲಿ ಹನಿ ಕೂತಿರತ್ತೆ.

ಈಗ ಒಂದು ಕಡ್ಡಿ ಗೀರಿ ಆರಿಸಿ, ಹೊಗೆ ಬರ್ತಿರೋವಾಗ್ಲೇ ಜಾರ್ ಒಳಗೆ ಹಾಕಿ ಬೇಗ ತಟ್ಟೆ ಮುಚ್ಚಿ. ಒಳಗೆ ಬಿಳಿ ಮಂಜು ಸುತ್ತೋದು ಚೆನ್ನಾಗಿ ಕಾಣತ್ತೆ, ಅದೇ ಮೋಡ! ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ಸತ್ತೆ, ಯಾಕಂದ್ರೆ ಮೋಡ ಅಂದ್ರೆ ಆವಿ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಆವಿ ಕಣ್ಣಿಗೆ ಕಾಣೋದೇ ಇಲ್ಲ, ನಾವು ನೋಡೋದು ಸುಮಾರು 0.02 ಮಿಲಿಮೀಟರ್ ದಪ್ಪದ ನೀರಿನ ಹನಿಗಳನ್ನ, ಅದು ಕಟ್ಟೋಕೆ ಆಕಾಶದಲ್ಲೂ ಧೂಳು, ಉಪ್ಪು, ಹೊಗೆಯ ಕಣ ಬೇಕು. ಇಂಥ ಹತ್ತು ಲಕ್ಷ ಹನಿ ಸೇರಿದ್ರೆ ಒಂದು ಮಳೆಹನಿ.

ಸಮುದ್ರದ ನೀರು ಕುದಿಯಲ್ಲ, ಆದ್ರೂ ಆವಿ ಆಗ್ತಾನೇ ಇರತ್ತೆ, ಅದಕ್ಕೆ 100 ಡಿಗ್ರಿ ಬೇಕಾಗಿಲ್ಲ. ಶಾಖ ಮಾತ್ರ ಬೇಕೇ ಬೇಕು: ಒಂದು ಕೆಜಿ ನೀರನ್ನ 0 ಯಿಂದ 100 ಡಿಗ್ರಿಗೆ ಕಾಯಿಸೋಕೆ ಸುಮಾರು 420 ಕಿಲೋಜೌಲ್ ಸಾಕು, ಆ ಕುದಿನೀರನ್ನ ಪೂರ್ತಿ ಆವಿ ಮಾಡೋಕೆ 2260 ಬೇಕು. ಆವಿ ಮತ್ತೆ ಹನಿ ಆಗೋವಾಗ ಹೀರ್ಕೊಂಡಿದ್ದ ಶಾಖನ್ನೆಲ್ಲ ಗಾಳಿಗೆ ಬಿಡತ್ತೆ, ಚಂಡಮಾರುತಕ್ಕೆ ಬಲ ಬರೋದು ಅಲ್ಲಿಂದಾನೇ.

ಮಂಜುಗಡ್ಡೆ ಭಾಗಾನೂ ಬಿಡಬೇಡಿ. ಸ್ಟೀಲ್ ಲೋಟದಲ್ಲಿ ಪುಡಿ ಮಾಡಿದ ಐಸ್ ಮೂರು ಪಾಲು, ಉಪ್ಪು ಒಂದು ಪಾಲು ಹಾಕಿ ಕಲಸಿ, ಹೊರಗೆ ಒಣಬಟ್ಟೆಯಿಂದ ಒರೆಸಿ ಬಿಡಿ. ಉಪ್ಪು ಬಿದ್ದ ಐಸ್ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗತ್ತೆ, ಸ್ವಲ್ಪ ಹೊತ್ತಿಗೆ ಲೋಟದ ಹೊರಗೆ ಬೆಳ್ಳಗೆ ಹಿಮ ಕಟ್ಟತ್ತೆ, ಬರಿಗೈಲಿ ತುಂಬಾ ಹೊತ್ತು ಮುಟ್ಟಬೇಡಿ. ಕೆಲವು ಕಡೆ ಮೊದಲು ನೀರಾಗಿ ಆಮೇಲೆ ಗಟ್ಟಿ ಆಗಿರತ್ತೆ, ಅದು ನಯವಾಗಿ ಗಾಜಿನ ಥರ ಕಾಣತ್ತೆ. ಮುಳ್ಳುಮುಳ್ಳಾಗಿರೋದು ನೀರಾಗದೇ ಆವಿಯಿಂದ ನೇರ ಹಿಮ ಆಗಿದ್ದು. ಮೋಡದೊಳಗೆ ಹಿಮದ ಹರಳು ಬೆಳೆಯೋದು ಹೀಗೇ.