ಲೈವ್ ಬರುತ್ತಿದೆ, ರೆಕಾರ್ಡಿಂಗ್ ಎಲ್ಲಿ?

ಮನೆಯ ಸಿಸಿಟಿವಿ ಕೈಕೊಟ್ಟಾಗ ಬಹಳ ಜನ ಮೊದಲು ಮಾಡುವ ಕೆಲಸ ರೀಸೆಟ್ ಬಟನ್ ಹುಡುಕುವುದು. ಅದನ್ನು ಒತ್ತಿದ ಮೇಲೆ ಪಾಸ್‌ವರ್ಡ್ ಹೋಯಿತು, ಐಪಿ ವಿಳಾಸ ಹೋಯಿತು, ರೆಕಾರ್ಡಿಂಗ್ ವೇಳಾಪಟ್ಟಿಯೂ ಹೋಯಿತು. ಇದ್ದದ್ದು ಒಂದು ತೊಂದರೆ, ಈಗ ನಾಲ್ಕು. ರೀಸೆಟ್ ಕೊನೆಯ ಉಪಾಯ. ಅದಕ್ಕೂ ಮೊದಲು ನೋಡಬೇಕಾದ್ದು ಬೇಕಾದಷ್ಟಿದೆ.

ಇನ್ನೊಂದು ಮಾತು. ಪರದೆಯ ಮೇಲೆ ಚಿತ್ರ ಓಡುತ್ತಿದೆ ಅಂದಮಾತ್ರಕ್ಕೆ ಅದು ರೆಕಾರ್ಡ್ ಆಗುತ್ತಿದೆ ಎಂದಲ್ಲ. ಹಾರ್ಡ್‌ಡಿಸ್ಕೇ ಇಲ್ಲದ ಡಿವಿಆರ್ (ಕ್ಯಾಮೆರಾಗಳ ಚಿತ್ರ ದಾಖಲಿಸುವ ರೆಕಾರ್ಡರ್ ಪೆಟ್ಟಿಗೆ) ಕೂಡ ಲೈವ್ ಚಿತ್ರವನ್ನು ಚೆನ್ನಾಗಿಯೇ ತೋರಿಸುತ್ತದೆ. ಇದು ಗೊತ್ತಿಲ್ಲದೆ ನೆಮ್ಮದಿಯಾಗಿದ್ದು, ಗಾಡಿ ಕಳುವಾದ ದಿನ ಪ್ಲೇಬ್ಯಾಕ್ ತೆರೆದು ತಲೆ ಮೇಲೆ ಕೈ ಹೊತ್ತು ಕೂತವರನ್ನು ಸಾಕಷ್ಟು ನೋಡಿದ್ದೇನೆ. ಹಾಗಾಗಿ ಇಲ್ಲಿ ರೆಕಾರ್ಡಿಂಗ್ ಭಾಗಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ತೊಂದರೆ ಯಾವ ಕಡೆ?

ಎಲ್ಲ ಕ್ಯಾಮೆರಾಗಳೂ ಒಟ್ಟಿಗೆ ಹೋದರೆ ಕ್ಯಾಮೆರಾಗಳನ್ನು ಬಿಡಿ, ಅವುಗಳಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಅಥವಾ ನೆಟ್‌ವರ್ಕ್ ಸ್ವಿಚ್ ನೋಡಿ. ಒಂದೇ ಹೋಗಿದ್ದರೆ ಆ ಒಂದರ ಸಾಲು ನೋಡಿ. ಮನೆಯ ಟಿವಿಯಲ್ಲಿ ಬರುತ್ತಿದೆ, ಮೊಬೈಲಿನಲ್ಲಿ ಮಾತ್ರ ಇಲ್ಲ ಎಂದರೆ ಅದು ಇಂಟರ್ನೆಟ್ ಕಡೆಯ ವಿಷಯ. ಏಣಿ ಹತ್ತುವ ಅಗತ್ಯವಿಲ್ಲ.

ಒಂದು ಕ್ಯಾಮೆರಾ ಹೋಗಿದ್ದರೆ

ಚೆನ್ನಾಗಿರುವ ಕ್ಯಾಮೆರಾದ ವೈರನ್ನು ರೆಕಾರ್ಡರಿನ ಹಿಂದಿನಿಂದ ಬಿಚ್ಚಿ, ಕೆಟ್ಟದ್ದರ ಜಾಗಕ್ಕೆ ಹಾಕಿ. ಚಿತ್ರ ಬಂದರೆ ರೆಕಾರ್ಡರ್ ಸರಿ ಇದೆ, ತೊಂದರೆ ವೈರು ಅಥವಾ ಕ್ಯಾಮೆರಾ ಕಡೆ. ಬರದಿದ್ದರೆ ಆ ಚಾನೆಲ್ಲೇ ಹೋಗಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಅಡಾಪ್ಟರ್, ವೈರು, ಚಾನೆಲ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಡಿವಿಆರ್ ಇದ್ದರೆ ಕ್ಯಾಮೆರಾ ವೈರಿನ ತುದಿಯಲ್ಲಿರುವ ಬಿಎನ್‌ಸಿ ಪಿನ್ ಬಿಚ್ಚಿ ಕಣ್ಣಿನ ಹತ್ತಿರ ಹಿಡಿದು ನೋಡಿ. ಹೊರಗಿನ ಜಾಲರಿಯ ತಂತಿಯಲ್ಲಿ ಕೂದಲಿನಷ್ಟು ತೆಳುವಾದ ಒಂದು ಎಳೆ ಒಳಗಿನ ತಾಮ್ರದ ತಂತಿಗೆ ತಗುಲಿದ್ದರೂ ಸಾಕು, ಚಿತ್ರ ಮಾಯ. ಮಳೆ ನೀರು ಇಳಿದಿದ್ದರೆ ಪಿನ್ ಹಸಿರುಗಟ್ಟಿರುತ್ತದೆ. ಅದನ್ನು ಕೆರೆದು ಮತ್ತೆ ಹಾಕಬೇಡಿ, ತುದಿ ಕತ್ತರಿಸಿ ಹೊಸ ಪಿನ್ ಹಾಕಿಸಿ. ಜಾಯಿಂಟ್‌ಗೆ ಬರೀ ಟೇಪು ಸುತ್ತಿ ಗೋಡೆಯ ಹೊರಗೆ ನೇತುಹಾಕುವುದು ಕೆಲಸವೇ ಅಲ್ಲ. ಒಂದು ಪ್ಲಾಸ್ಟಿಕ್ ಡಬ್ಬಿ ಬೇಕೇ ಬೇಕು.

ಕತ್ತಲಾದ ಕೂಡಲೇ ಚಿತ್ರ ಹೋಗುತ್ತದೆ, ಬೆಳಿಗ್ಗೆ ತಾನೇ ಬರುತ್ತದೆ – ಈ ದೂರು ಬಂದರೆ ಕ್ಯಾಮೆರಾ ಬದಲಿಸುವ ಮುಂಚೆ ವೋಲ್ಟೇಜ್ ನೋಡಿ. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡಾಗ ಅದು ಎಳೆಯುವ ಕರೆಂಟು ಜಾಸ್ತಿ. ಅಡಾಪ್ಟರ್ ಹಳೆಯದಾಗಿದ್ದರೆ ಅಥವಾ ವೈರು ಉದ್ದವಾಗಿ, ತೆಳುವಾಗಿದ್ದರೆ ವೋಲ್ಟೇಜ್ ಕುಸಿಯುತ್ತದೆ. ಹಗಲಿಡೀ ಅರ್ಧ ಹೊಟ್ಟೆಯಲ್ಲಿ ದುಡಿದವನಿಗೆ ರಾತ್ರಿ ಮೂಟೆ ಹೊರಿಸಿದಂತೆ. ಮಲ್ಟಿಮೀಟರ್ ಇದ್ದರೆ ಕ್ಯಾಮೆರಾ ಇರುವ ತುದಿಯಲ್ಲೇ, ಕ್ಯಾಮೆರಾ ಓಡುತ್ತಿರುವಾಗಲೇ, ಅದರ ಮುಂಭಾಗವನ್ನು ಬಟ್ಟೆಯಿಂದ ಮುಚ್ಚಿ ಕತ್ತಲು ಮಾಡಿ ಅಳೆಯಿರಿ. 12 ವೋಲ್ಟಿನ ಕ್ಯಾಮೆರಾಗೆ ಅಲ್ಲಿ 10 ವೋಲ್ಟ್ ಬರುತ್ತಿದ್ದರೆ ಕಾರಣ ಸಿಕ್ಕಿತು. ಅಡಾಪ್ಟರಿನ ತುದಿಯಲ್ಲಿ ಅಳೆದು '12 ಇದೆ' ಎಂದು ಹೇಳಿ ಹೋಗುವವರ ಮಾತು ನಂಬಬೇಡಿ.

ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟು ಹೋಗುವ ಪಿಒಇ ಕ್ಯಾಮೆರಾಗಳಲ್ಲೂ ಇದೇ ಕಥೆ. ಕೇಬಲಿನ ಮಿತಿ 100 ಮೀಟರ್. 802.3 ಎಎಫ್ ಎಂಬ ಮಾನದಂಡದ ಪೋರ್ಟ್ 15.4 ವಾಟ್ ವರೆಗೆ ಕೊಡಬಲ್ಲದು, ಆದರೆ ಸ್ವಿಚ್ಚಿಗೆ ಒಟ್ಟು ಇಷ್ಟೇ ವಾಟ್ ಎಂಬ ಲೆಕ್ಕವೂ ಇರುತ್ತದೆ. 8 ಪೋರ್ಟ್ ಇದೆ ಎಂದು 8 ಕ್ಯಾಮೆರಾ ಹಾಕುವ ಮೊದಲು ಆ ಒಟ್ಟು ಸಂಖ್ಯೆ ಓದಿಕೊಳ್ಳಿ. ಸಿಸಿಎ ಎಂಬ ಹೆಸರಿನ ಕೇಬಲ್ ಅಗ್ಗಕ್ಕೆ ಸಿಗುತ್ತದೆ. ಅದು ಅಲ್ಯೂಮಿನಿಯಂ ತಂತಿಯ ಮೇಲೆ ತಾಮ್ರ ಬಳಿದದ್ದು. ಕ್ಯಾಮೆರಾಗೆ ಅದನ್ನು ಎಳೆಸಲೇಬೇಡಿ. ಶುದ್ಧ ತಾಮ್ರದ ಕೇಬಲ್ ಕೇಳಿ ಹಾಕಿಸಿ.

ರಾತ್ರಿ ಚಿತ್ರ ಬೆಳ್ಳಗೆ ಮಂಜುಮಂಜಾಗಿದ್ದರೆ ಲೆನ್ಸ್ ಮುಂದೆ ಜೇಡರ ಬಲೆ ಇದೆಯೇ ನೋಡಿ, ಒರೆಸಿ. ಕಿಟಕಿ ಗಾಜಿನ ಹಿಂದೆ ಕ್ಯಾಮೆರಾ ಇಟ್ಟಿದ್ದರೆ ಅದರ ಬೆಳಕು ಗಾಜಿಗೆ ಬಡಿದು ಅದಕ್ಕೇ ವಾಪಸ್ ಬರುತ್ತದೆ. ಹೊರಗೆ ಹಾಕಿ, ಇಲ್ಲವೇ ಇನ್‌ಫ್ರಾರೆಡ್ ಆರಿಸಿ.

ವೈಫೈ ಕ್ಯಾಮೆರಾ ಜೋಡಣೆ ಆಗುತ್ತಿಲ್ಲವೇ? ಹೆಚ್ಚಿನವು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತವೆ. ಮೊಬೈಲನ್ನು ಅದೇ ವೈಫೈಗೆ ಸೇರಿಸಿ ಮತ್ತೆ ಪ್ರಯತ್ನಿಸಿ.

ಈಗ ರೆಕಾರ್ಡಿಂಗ್

ಇಲ್ಲಿ ಎಲ್ಲರೂ ಹಾರ್ಡ್‌ಡಿಸ್ಕ್ ಮೆನುಗೆ ಹೋಗಿ ಸೀದಾ 'ಫಾರ್ಮ್ಯಾಟ್' ಒತ್ತುತ್ತಾರೆ. ದಯವಿಟ್ಟು ನಿಲ್ಲಿ. ಒತ್ತಿದರೆ ಇದ್ದದ್ದೂ ಹೋಗುತ್ತದೆ. ಮೊದಲು ಗಡಿಯಾರ ನೋಡಿ.

ಹೌದು, ಗಡಿಯಾರ. ರೆಕಾರ್ಡರಿನೊಳಗೆ ಸಮಯ ಕಾಯಲು ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಾಮಾನ್ಯವಾಗಿ ಸಿಆರ್2032. ಅದು ಸತ್ತ ಮೇಲೆ ಕರೆಂಟು ಹೋಗಿ ಬಂದರೆ ಕೆಲವು ರೆಕಾರ್ಡರುಗಳು 2000ನೇ ಇಸವಿಗೋ 1970ಕ್ಕೋ ಹೋಗಿ ಕೂರುತ್ತವೆ. ರೆಕಾರ್ಡಿಂಗ್ ನಡೆದೇ ಇರುತ್ತದೆ, ಆದರೆ ಆ ತಾರೀಕಿನ ಅಡಿಯಲ್ಲಿ. ನೀವು ನಿನ್ನೆಯ ತಾರೀಕಿನಲ್ಲಿ ಹುಡುಕುತ್ತೀರಿ, ಏನೂ ಸಿಗುವುದಿಲ್ಲ. ಪ್ಲೇಬ್ಯಾಕ್ ಕ್ಯಾಲೆಂಡರಿನಲ್ಲಿ ಹಿಂದಿನ ಇಸವಿಗಳಿಗೂ ಹೋಗಿ ನೋಡಿ.

ಸಮಯ ತಪ್ಪಿದೆ ಎಂದು ಕಂಡ ತಕ್ಷಣ ಸರಿ ಮಾಡಲು ಹೋಗಬೇಡಿ. ಮೊದಲು ಮೊಬೈಲಿನ ಗಡಿಯಾರವನ್ನು ಪರದೆಯ ಪಕ್ಕ ಹಿಡಿದು, ಎರಡೂ ಸಮಯ ಒಂದೇ ಚಿತ್ರದಲ್ಲಿ ಬರುವಂತೆ ಇನ್ನೊಂದು ಫೋನಿನಲ್ಲಿ ಫೋಟೊ ತೆಗೆಯಿರಿ. ಎಷ್ಟು ವ್ಯತ್ಯಾಸ ಎಂಬುದಕ್ಕೆ ಅದೇ ದಾಖಲೆ. ನಂತರ ಬೇಕಾದ ಫುಟೇಜ್ ಹೊರಗೆ ತೆಗೆದುಕೊಳ್ಳಿ. ಆಮೇಲೆ ಸೆಲ್ ಬದಲಿಸಿ, ಇಂಟರ್ನೆಟ್ಟಿನಿಂದ ಸಮಯ ಸರಿಮಾಡಿಕೊಳ್ಳುವ ಎನ್‌ಟಿಪಿ ಚಾಲೂ ಮಾಡಿ, ಟೈಮ್ ಝೋನ್ ನೋಡಿ. ಎನ್‌ಟಿಪಿ ಸರಿಯಿದ್ದೂ ಟೈಮ್ ಝೋನ್ ಬೇರೆ ದೇಶದ್ದಾಗಿದ್ದರೆ ಗಂಟೆಗಟ್ಟಲೆ ವ್ಯತ್ಯಾಸ ಉಳಿದೇ ಇರುತ್ತದೆ.

ಗಡಿಯಾರ ಸರಿಯಿದ್ದರೆ ಡಿಸ್ಕಿನ ಸ್ಥಿತಿ ನೋಡಿ. 'ನಾರ್ಮಲ್' ಎಂದಿರಬೇಕು. 'ಎರರ್' ಎಂದಿದ್ದರೆ ಅಥವಾ ಪಟ್ಟಿಯಲ್ಲಿ ಡಿಸ್ಕೇ ಇಲ್ಲದಿದ್ದರೆ ರೆಕಾರ್ಡರನ್ನು ಪೂರ್ತಿ ಆಫ್ ಮಾಡಿ, ಮುಚ್ಚಳ ತೆಗೆದು, ಡಿಸ್ಕಿನ ಎರಡೂ ಕೇಬಲ್ ಬಿಚ್ಚಿ ಮತ್ತೆ ಗಟ್ಟಿಯಾಗಿ ಕೂರಿಸಿ. ಆನ್ ಮಾಡಿ ಕಿವಿಗೊಡಿ. ಡಿಸ್ಕ್ ತಿರುಗಲು ಹೊರಟು, ಟಿಕ್ ಎಂದು ನಿಂತು, ಮತ್ತೆ ಹೊರಟರೆ ಎರಡು ಸಾಧ್ಯತೆ: ಡಿಸ್ಕ್ ಸತ್ತಿದೆ, ಅಥವಾ ರೆಕಾರ್ಡರಿನ ಅಡಾಪ್ಟರ್ ಸೊರಗಿದೆ. ಎರಡನೆಯದನ್ನು ಯಾರೂ ಅನುಮಾನಿಸುವುದೇ ಇಲ್ಲ. ಸೊರಗಿದ ಅಡಾಪ್ಟರಿನಲ್ಲಿ ರೆಕಾರ್ಡರ್ ಆನ್ ಆಗುತ್ತದೆ, ಲೈವ್ ಬರುತ್ತದೆ, ಡಿಸ್ಕ್ ತಿರುಗಿಸುವಷ್ಟು ಶಕ್ತಿ ಮಾತ್ರ ಇರುವುದಿಲ್ಲ. ಹೊಸ ಡಿಸ್ಕ್ ಕೊಳ್ಳುವ ಮೊದಲು ಅದೇ ವೋಲ್ಟ್, ಅಷ್ಟೇ ಅಥವಾ ಜಾಸ್ತಿ ಆಂಪಿಯರಿನ ಬೇರೆ ಅಡಾಪ್ಟರ್ ಹಾಕಿ ನೋಡಿ.

ಡಿಸ್ಕ್ ಕೆಟ್ಟಾಗ ರೆಕಾರ್ಡರ್ ಬೀಪ್ ಬೀಪ್ ಎಂದು ಕೂಗಿ ಹೇಳುತ್ತದೆ. ಮನೆಯಲ್ಲಿ ಯಾರಿಗೋ ಕಿರಿಕಿರಿಯಾಗಿ, ಮೆನುವಿನಲ್ಲಿ ಆ ಸದ್ದನ್ನೇ ಆಫ್ ಮಾಡಿರುತ್ತಾರೆ. ಅಲ್ಲಿಗೆ ಎಲ್ಲ ಶಾಂತ, ರೆಕಾರ್ಡಿಂಗೂ ಶಾಂತ. ಬೀಪ್ ಆಫ್ ಆಗಿದ್ದರೆ ಈಗಲೇ ಆನ್ ಮಾಡಿ.

ಹೊಸ ಡಿಸ್ಕ್ ಬೇಕಾದರೆ ಕ್ಯಾಮೆರಾ ಕೆಲಸಕ್ಕೆಂದೇ ಮಾಡಿದ್ದನ್ನು ಕೊಳ್ಳಿ – ಡಬ್ಲ್ಯೂಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಅಂಥವು. ಹಗಲು ರಾತ್ರಿ ಬರೆಯುತ್ತಲೇ ಇರುವುದಕ್ಕೆ ಅವುಗಳ ವಿನ್ಯಾಸ. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಡಿಸ್ಕನ್ನು 'ಸುಮ್ನೆ ಬಿದ್ದಿತ್ತು' ಎಂದು ಹಾಕಬೇಡಿ. ಮೆಮೊರಿ ಕಾರ್ಡಿನ ಕ್ಯಾಮೆರಾಗೂ ಇದೇ ಮಾತು: 'ಹೈ ಎಂಡ್ಯೂರೆನ್ಸ್' ಎಂದು ಬರೆದಿರುವ ಕಾರ್ಡ್ ತಂದು, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಹೊರಗೆ 512 ಜಿಬಿ ಎಂದು ಬರೆದು ಒಳಗೆ ಅದರ ಕಾಲುಭಾಗವೂ ಇಲ್ಲದ ನಕಲಿ ಕಾರ್ಡುಗಳು ಧಾರಾಳವಾಗಿವೆ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶ ಪೂರ್ತಿ ಬರೆದು ಓದಿ ಬಣ್ಣ ಬಯಲು ಮಾಡುತ್ತದೆ.

ಡಿಸ್ಕ್ ಸರಿಯಿದೆ, ಆದರೂ ನಾಲ್ಕೈದು ದಿನದ್ದು ಮಾತ್ರ ಉಳಿಯುತ್ತಿದೆ ಎಂದರೆ ಅದು ಕೆಟ್ಟದ್ದಲ್ಲ, ಲೆಕ್ಕ. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಬರೆದರೆ ದಿನಕ್ಕೆ 43 ಜಿಬಿ ಚಿಲ್ಲರೆ. 4 ಕ್ಯಾಮೆರಾಗೆ 173 ಜಿಬಿ. 1 ಟಿಬಿ ಡಿಸ್ಕ್ 6 ದಿನವೂ ಬರುವುದಿಲ್ಲ. ವಿಡಿಯೊವನ್ನು ಹೆಚ್ಚು ಕುಗ್ಗಿಸುವ ಎಚ್.265 ವಿಧಾನಕ್ಕೆ ಬದಲಿಸಿದರೆ ಬಿಟ್‌ರೇಟನ್ನು (ಸೆಕೆಂಡಿಗೆ ಬರೆಯುವ ಪ್ರಮಾಣವನ್ನು) ಹತ್ತಿರಹತ್ತಿರ ಅರ್ಧಕ್ಕೆ ಇಳಿಸಬಹುದು, ಚಿತ್ರ ಅಷ್ಟೇನೂ ಕೆಡುವುದಿಲ್ಲ. 'ಓವರ್‌ರೈಟ್' ಆನ್ ಇದೆಯೇ ಅದನ್ನೂ ನೋಡಿ. ಆಫ್ ಇದ್ದರೆ ಡಿಸ್ಕ್ ತುಂಬಿದ ದಿನವೇ ರೆಕಾರ್ಡಿಂಗ್ ನಿಂತಿರುತ್ತದೆ.

ಜಾಗ ಉಳಿಸಲು ಎಲ್ಲ ಕ್ಯಾಮೆರಾವನ್ನೂ 'ಮೋಷನ್' ರೆಕಾರ್ಡಿಂಗ್‌ಗೆ ಹಾಕುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಮಳೆ, ಹುಳು, ವಾಹನದ ಬೆಳಕು ಎಲ್ಲವೂ ಚಲನೆಯೇ. ಅದಕ್ಕೆಂದು ಸೂಕ್ಷ್ಮತೆ ಇಳಿಸಿದರೆ ಮೂಲೆಯಲ್ಲಿ ನಿಧಾನ ನಡೆದುಹೋದವನು ತಪ್ಪಿಹೋಗುತ್ತಾನೆ. ಮುಂಬಾಗಿಲು ಮತ್ತು ಗೇಟು 24 ಗಂಟೆ ರೆಕಾರ್ಡ್ ಆಗಲಿ. ಉಳಿದವು ಬೇಕಾದರೆ ಮೋಷನ್ ಇರಲಿ, ಆದರೆ ಚಲನೆಗೆ ಮುಂಚಿನದನ್ನೂ ಉಳಿಸುವ 'ಪ್ರೀ ರೆಕಾರ್ಡ್' ಕೆಲವು ಸೆಕೆಂಡ್ ಇಡಿ. ಇನ್ನೊಂದು, ರೆಕಾರ್ಡ್ ಆಗುವುದು ಮೇನ್ ಸ್ಟ್ರೀಮ್ ಆಗಿರಬೇಕು. ಸಬ್ ಸ್ಟ್ರೀಮ್ ಮೊಬೈಲಿನಲ್ಲಿ ನೋಡಲು ಇರುವ ಚಿಕ್ಕ ಚಿತ್ರ. ಅದರಲ್ಲಿ ಮುಖ ಗುರುತು ಸಿಗುವುದಿಲ್ಲ.

ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವವರಿಗೆ

ಬ್ಲೂ ಐರಿಸ್, ಫ್ರಿಗೇಟ್, ಝೋನ್‌ಮೈಂಡರ್, ಏಜೆಂಟ್ ಡಿವಿಆರ್ – ಯಾವುದೇ ಇರಲಿ, ಚಿತ್ರ ಬರದಿದ್ದಾಗ ತಂತ್ರಾಂಶವನ್ನು ಪಕ್ಕಕ್ಕಿಡಿ. ಕ್ಯಾಮೆರಾದ ಆರ್‌ಟಿಎಸ್‌ಪಿ ವಿಳಾಸವನ್ನು (ನೆಟ್‌ವರ್ಕ್‌ನಲ್ಲಿ ಅದರ ಲೈವ್ ಚಿತ್ರ ಸಿಗುವ ವಿಳಾಸ) ವಿಎಲ್‌ಸಿ ಪ್ಲೇಯರಿನಲ್ಲಿ ಹಾಕಿ. ಅಲ್ಲಿ ಬಂದರೆ ಕ್ಯಾಮೆರಾ ಸರಿ, ತಂತ್ರಾಂಶದ ಸೆಟ್ಟಿಂಗ್ ತಪ್ಪು. ಅಲ್ಲೂ ಬರದಿದ್ದರೆ ಪಾಸ್‌ವರ್ಡ್ ನೋಡಿ. ಪಾಸ್‌ವರ್ಡಿನಲ್ಲಿ @ ಇದ್ದರೆ ವಿಳಾಸ ಅಲ್ಲೇ ತುಂಡಾಗುತ್ತದೆ, ಏಕೆಂದರೆ ಆರ್‌ಟಿಎಸ್‌ಪಿ ವಿಳಾಸದಲ್ಲಿ ಪಾಸ್‌ವರ್ಡ್ ಮುಗಿಯಿತು ಎನ್ನಲು ಇರುವ ಗುರುತೇ ಅದು. ಅದರ ಬದಲು %40 ಎಂದು ಬರೆಯಿರಿ. ಪೋರ್ಟ್ ಸಾಮಾನ್ಯವಾಗಿ 554.

ಬೇರೆ ಬೇರೆ ಕಂಪನಿಗಳ ಕ್ಯಾಮೆರಾ, ತಂತ್ರಾಂಶಗಳು ಹೊಂದಿಕೊಳ್ಳಲು ಇರುವ ಓಎನ್‌ವಿಐಎಫ್ ಎಂಬ ಮಾನದಂಡದ ಮೂಲಕ ಕ್ಯಾಮೆರಾ ಸೇರಿಸುವಾಗ ಸರಿಯಾದ ಪಾಸ್‌ವರ್ಡ್ ಕೊಟ್ಟರೂ 'ತಪ್ಪು' ಎನ್ನುತ್ತಿದೆಯೇ? ಮತ್ತೆ ಗಡಿಯಾರ ನೋಡಿ. ಗುರುತು ಪರಿಶೀಲಿಸುವಾಗ ಸಮಯವನ್ನೂ ಹೋಲಿಸುವ ಕ್ಯಾಮೆರಾಗಳಲ್ಲಿ, ಕ್ಯಾಮೆರಾದ ಸಮಯವೂ ಕಂಪ್ಯೂಟರಿನ ಸಮಯವೂ ತಾಳೆಯಾಗದಿದ್ದರೆ ಒಳಗೆ ಬಿಡುವುದಿಲ್ಲ. ಕೆಲವು ಕ್ಯಾಮೆರಾಗಳಲ್ಲಿ ಓಎನ್‌ವಿಐಎಫ್‌ಗೆ ಬೇರೆಯದೇ ಬಳಕೆದಾರ ಹೆಸರು ಮಾಡಬೇಕು.

ಇದ್ದಕ್ಕಿದ್ದಂತೆ ನಿಲ್ಲುವ ರೆಕಾರ್ಡಿಂಗ್‌ಗೆ ಕಾರಣಗಳು ಹೀಗೆ: ಕಂಪ್ಯೂಟರ್ ಸ್ಲೀಪ್‌ಗೆ ಹೋಯಿತು, ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆಯಿತು, ಆದರೆ ಯಾರೂ ಲಾಗಿನ್ ಆಗಲಿಲ್ಲ, ಯುಎಸ್‌ಬಿ ಡಿಸ್ಕಿನ ಡ್ರೈವ್ ಅಕ್ಷರ ಬದಲಾಯಿತು, ಆಂಟಿವೈರಸ್ ಪ್ರತಿ ಫೈಲನ್ನೂ ಹಿಡಿದು ತಪಾಸಣೆ ಮಾಡುತ್ತಿದೆ. ತಂತ್ರಾಂಶವನ್ನು 'ಸರ್ವೀಸ್' ಆಗಿ ಓಡಿಸಿ, ಸ್ಲೀಪ್ ತೆಗೆಯಿರಿ, ರೆಕಾರ್ಡಿಂಗ್ ಫೋಲ್ಡರನ್ನು ಆಂಟಿವೈರಸ್ ಪಟ್ಟಿಯಿಂದ ಹೊರಗಿಡಿ. ಇದ್ದಕ್ಕಿದ್ದಂತೆ ಕ್ಯಾಮೆರಾ ಕಳೆದುಹೋಗುವುದಕ್ಕೆ ಕಾರಣ ಹೆಚ್ಚಾಗಿ ರೂಟರ್ ಅದಕ್ಕೆ ಹೊಸ ಐಪಿ ಕೊಟ್ಟಿರುವುದು. ರೂಟರಿನಲ್ಲಿ ಪ್ರತಿ ಕ್ಯಾಮೆರಾಗೂ ಐಪಿ ಕಾಯ್ದಿರಿಸಿ.

ಮೊಬೈಲಿನಲ್ಲಿ ಹೊರಗಿನಿಂದ ನೋಡಲು ರೂಟರಿನಲ್ಲಿ ಪೋರ್ಟ್ ತೆರೆಯುವ ಅಡ್ಡದಾರಿ ಹೇಳಿಕೊಡುವವರು ಇನ್ನೂ ಇದ್ದಾರೆ. ಬೇಡವೇ ಬೇಡ. 2016ರಲ್ಲಿ ಮಿರಾಯ್ ಎಂಬ ದುರುದ್ದೇಶದ ತಂತ್ರಾಂಶ ಹೀಗೆ ತೆರೆದಿಟ್ಟ, ಕಂಪನಿಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ ಮತ್ತು ಡಿವಿಆರ್‌ಗಳನ್ನು ವಶಪಡಿಸಿಕೊಂಡು ದೊಡ್ಡ ದೊಡ್ಡ ಜಾಲತಾಣಗಳನ್ನೇ ಬೀಳಿಸಿತು. ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಸುರಕ್ಷಿತ ದಾರಿಯಾದ ವಿಪಿಎನ್ ಹಾಕಿಕೊಳ್ಳಿ, ಇಲ್ಲವೇ ಕಂಪನಿಯ ಆ್ಯಪ್ ಸಾಕು. ಪಾಸ್‌ವರ್ಡ್ ಬದಲಿಸಿ.

ಫುಟೇಜ್ ತೆಗೆಯುವಾಗ

ಪರದೆಯನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳುವುದು ಫುಟೇಜ್ ಅಲ್ಲ. ಪೆನ್‌ಡ್ರೈವ್ ಹಾಕಿ, ಬೇಕಾದ ಸಮಯಕ್ಕಿಂತ ಹತ್ತು ನಿಮಿಷ ಹಿಂದೆ, ಹತ್ತು ನಿಮಿಷ ಮುಂದೆ ಸೇರಿಸಿ 'ಬ್ಯಾಕಪ್' ಕೊಡಿ. ಫ್ಯಾಟ್32 ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವಿನಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಹಾಗಾಗಿ ಉದ್ದದ ಫುಟೇಜನ್ನು ತುಂಡು ತುಂಡಾಗಿ ತೆಗೆಯಿರಿ. ಕೆಲವು ರೆಕಾರ್ಡರುಗಳು ತಮ್ಮದೇ ಬಗೆಯ ಫೈಲ್ ಕೊಡುತ್ತವೆ, ಮಾಮೂಲಿ ಪ್ಲೇಯರಿನಲ್ಲಿ ತೆರೆಯುವುದಿಲ್ಲ. ಜೊತೆಗೇ ಅವುಗಳ ಪ್ಲೇಯರನ್ನೂ ನಕಲಿಸಿಕೊಳ್ಳಿ. ಡಿಸ್ಕ್ ತುಂಬುತ್ತಾ ಬಂದಿದ್ದರೆ ಆ ಭಾಗವನ್ನು 'ಲಾಕ್' ಮಾಡಿ, ಇಲ್ಲದಿದ್ದರೆ ನೀವು ಯೋಚಿಸುತ್ತಿರುವಾಗಲೇ ಅದರ ಮೇಲೆ ಹೊಸದು ಬರೆದುಕೊಂಡಿರುತ್ತದೆ. ಪೆನ್‌ಡ್ರೈವನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ, ಶುರುವಿನಿಂದ ಕೊನೆವರೆಗೆ ಓಡುತ್ತದೆ ಎಂದು ಕಣ್ಣಾರೆ ನೋಡುವ ತನಕ ರೆಕಾರ್ಡರಿನಲ್ಲಿರುವ ಮೂಲವನ್ನು ಮುಟ್ಟಬೇಡಿ.